ಸೆಟ್ಟಿಯ ಶಾಲು, ಛತ್ರದ ಎಳ್ಳು

“ಗುರುಗಳೇ, ನಿಜವಾಗಿ ಕಷ್ಟದಲ್ಲಿರುವವರನ್ನು ಗುರುತಿಸುವುದು ಹೇಗೆ? ಅದಕ್ಕೊಂದು ಪರೀಕ್ಷೆ ಹೇಳಿಕೊಡಿ” ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಮಠದ ಹಿರಿಯ ಶಿಷ್ಯ. ಆ ವರ್ಷ ಪೇಟೆ ಬಿದ್ದುಹೋಗಿತ್ತು. ಮಗ್ಗಗಳು ನಿಂತಿದ್ದವು, ಸರಕಿನ ಗಾಡಿಗಳು ಬರುತ್ತಿರಲಿಲ್ಲ, ಕೈತುಂಬ ಕೆಲಸವಿದ್ದವರೆಲ್ಲ ಕೈಕಟ್ಟಿ ಕೂತಿದ್ದರು. ಗುರುಗಳು ಮಠದ ಕಣಜ ತೆರೆಸಿ, ಕೇಳಿ ಬಂದವರಿಗೆ ರಾಗಿ ಅಳೆದು ಕೊಡುವ ಕೆಲಸವನ್ನು ಚೆನ್ನವೀರನಿಗೆ ಒಪ್ಪಿಸಿದ್ದರು. ಅವನು ಪ್ರಾಮಾಣಿಕ. ಒಂದು ಸೇರು ರಾಗಿ ತಪ್ಪು ಕೈಗೆ ಹೋಯಿತೆಂದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ಯಾಕೆ, ಏನಾಯಿತು?” ಎಂದರು ಗುರುಗಳು. ಅವರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದರು.

“ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ಉಟ್ಟಿದ್ದು ರೇಷ್ಮೆ ಅಂಚಿನ ಸೀರೆ, ಕೈಯಲ್ಲಿ ಖಾಲಿ ಚೀಲ. ರೇಷ್ಮೆ ಉಟ್ಟವಳಿಗೆ ಮಠದ ರಾಗಿ ಯಾಕೆ ಎಂದು ಇಲ್ಲವೆಂದುಬಿಟ್ಟೆ. ಅವಳು ಹೋಗಲೂ ಇಲ್ಲ, ಜಗಳಕ್ಕೆ ನಿಲ್ಲಲೂ ಇಲ್ಲ. ಬಾಗಿಲ ಹೊರಗೆ ಹೊಂಗೆ ಮರದ ಕೆಳಗೆ ಸುಮ್ಮನೆ ಕೂತಿದ್ದಾಳೆ. ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿಲ್ಲ. ಒಂದು ಗಟ್ಟಿ ಪರೀಕ್ಷೆ ಇದ್ದರೆ ಈ ತಲೆನೋವು ಇರುತ್ತಿರಲಿಲ್ಲ.”

“ಪರೀಕ್ಷೆ ತಾನೇ? ಬೇಕಾದಷ್ಟಿವೆ. ಕೂತುಕೋ. ಕೈ ಖಾಲಿ ಇಟ್ಟುಕೊಂಡು ಕತೆ ಕೇಳಬಾರದು, ನೀನೂ ನಾಲ್ಕು ಕಾಯಿ ಸುಲಿ” ಎಂದು ಗುರುಗಳು ಮೊರವನ್ನು ಅವನ ಕಡೆ ಸರಿಸಿ ಹೇಳತೊಡಗಿದರು.

ಒಂದು ಊರು. ಊರಿಗೊಂದು ಅರಮನೆ. ಒಂದು ದಿನ ರಾಜ ಸಿಂಹಾಸನದಲ್ಲಿ ಕೂತಿದ್ದಾಗ ಅವನ ತಲೆಯ ಮೇಲೆ ಹಲ್ಲಿ ಬಿತ್ತು. ಜೋಯಿಸರು ಕವಡೆ ಹಾಕಿ ನೋಡಿ, ಈ ಜಾಗದಲ್ಲಿ ಇನ್ನು ಏಳಿಗೆಯಿಲ್ಲ, ಹೊಳೆಯಾಚೆ ಹೋಗಬೇಕು ಎಂದರು. ಹಲ್ಲಿಯನ್ನು ಓಡಿಸಿದ್ದರೆ ಮುಗಿಯುತ್ತಿತ್ತು. ರಾಜ ತಾನೇ ಎದ್ದು ಹೋದ. ಅವನ ಹಿಂದೆ ಮಂತ್ರಿ ಹೋದ, ದಂಡು ಹೋಯಿತು, ಆನೆ ಹೋಯಿತು. ಹಲ್ಲಿ ಮಾತ್ರ ಅರಮನೆಯಲ್ಲೇ ಉಳಿಯಿತು.

ಅರಮನೆಯನ್ನು ನಂಬಿ ಬದುಕಿದ ಊರು ಅದು. ಹೂ ಕಟ್ಟುವವರಿದ್ದರು, ಮುಡಿಯುವವರಿಲ್ಲ. ರುಮಾಲು ಸುತ್ತುವವರಿದ್ದರು, ತಲೆಗಳಿಲ್ಲ. ಬೆಳಗಾಗುವುದರೊಳಗೆ ಊರಿಗೆ ಊರೇ ಕೆಲಸ ಕಳೆದುಕೊಂಡಿತು.

ಅಲ್ಲಿ ಒಬ್ಬ ಗಾಣಿಗನಿದ್ದ. ಅರಮನೆಯ ದೀಪಗಳಿಗೆಲ್ಲ ಅವನ ಗಾಣದ್ದೇ ಎಣ್ಣೆ. ಅರಮನೆಯವರು ಎಳ್ಳು ಕಳಿಸುತ್ತಿದ್ದರು, ಇವನು ಎಣ್ಣೆ ತೆಗೆದು ಕೊಟ್ಟು ಕೂಲಿ ಪಡೆಯುತ್ತಿದ್ದ. ಅವನ ಆಸ್ತಿಯೆಂದರೆ ಒಂದು ಗಾಣ, ಒಂದು ಎತ್ತು. ಎತ್ತಿನ ಹೆಸರು ಕೆಂದ. ಮಕ್ಕಳಿಲ್ಲದ ಮನೆಯಲ್ಲಿ ಕೆಂದನೇ ಮಗ. ಅದರ ಮುಂದೆ ಕಲಗಚ್ಚು ಇಡದೆ ಗಾಣಿಗನ ಹೆಂಡತಿ ತಾನು ಉಣ್ಣುತ್ತಿರಲಿಲ್ಲ.

ಹೊಳೆಯಾಚೆ ಹೊಸ ಅರಮನೆಯಲ್ಲೂ ದೀಪ ಹಚ್ಚುತ್ತಿದ್ದರು. ಆದರೆ ಅಲ್ಲಿಯವರು ಎಳ್ಳು ಕಳಿಸುತ್ತಿರಲಿಲ್ಲ, ಎಣ್ಣೆ ತಂದವರಿಂದ ಕೊಳ್ಳುತ್ತಿದ್ದರು. ಹಾಗಾಗಿ ಗಾಣಿಗನಿಗೆ ಎಳ್ಳು ಬೇಕು. ಎಳ್ಳು ಕೊಳ್ಳಲು ಸಾಲ ಬೇಕು. ಎಣ್ಣೆ ಮಾರಿ ಬರುವ ತನಕ ಗಂಡ ಹೆಂಡಿರಿಗೆ ಒಂದು ಹೊತ್ತಿನ ಅನ್ನ ಬೇಕು. ಅದು ಸಿಗದಿದ್ದರೆ ಕೆಂದನನ್ನು ಮಾರಬೇಕು. ದನದ ದಲ್ಲಾಳಿ ಆಗಲೇ ಬಂದು ಕೆಂದನ ಬೆನ್ನು ಸವರಿ ನೋಡಿದ್ದ.

“ಮುದಿಯಾಗಿದೆ. ಉಳೋಕೆ ಯಾರೂ ತಗೊಳ್ಳಲ್ಲ. ಚರ್ಮದ ಬೆಲೆ ಹಾಕಿ ಕೊಡ್ತೀನಿ. ಅಮಾವಾಸ್ಯೆ ಸಾಯಂಕಾಲ ಹೊಳೆ ದಡದಲ್ಲಿ ಇರ್ತೀನಿ, ಹೊಡ್ಕೊಂಡು ಬಾ” ಎಂದು ಹೇಳಿ ಹೋಗಿದ್ದ.

“ಕೆಂದನ್ನ ಕೊಡೋ ದಿನ ನನ್ನನ್ನೂ ಅದೇ ಹಗ್ಗಕ್ಕೆ ಕಟ್ಟಿ ಕಳಿಸಿಬಿಡಿ” ಎಂದಳು ಹೆಂಡತಿ. ಅವಳು ಅದನ್ನು ಮಾತಿಗೆ ಹೇಳಿರಲಿಲ್ಲ.

ಆ ಊರಿನ ಬೀದಿಯ ಒಂದು ತುದಿಯಲ್ಲಿ ಸೆಟ್ಟಿಯ ಸಾಲದ ಅಂಗಡಿ. ಉಳಿಸಿದವರು ಅವನಲ್ಲಿ ಇಡುತ್ತಿದ್ದರು, ಬೇಕಾದವರು ಅವನಿಂದ ಬಡ್ಡಿಗೆ ತರುತ್ತಿದ್ದರು. ಇನ್ನೊಂದು ತುದಿಯಲ್ಲಿ ಧರ್ಮಛತ್ರ. ಪುಣ್ಯವಂತರು ಕೊಟ್ಟದ್ದನ್ನು ಬೇಯಿಸಿ ಹಸಿದವರಿಗೆ ಬಡಿಸುವುದು ಅಲ್ಲಿಯ ಪಾರುಪತ್ಯಗಾರನ ಕೆಲಸ. ಇಬ್ಬರೂ ಕೆಟ್ಟವರಲ್ಲ. ಒಳ್ಳೆಯ ಕಾಲದಲ್ಲಿ ಇಬ್ಬರ ಬಾಗಿಲೂ ಹಾರುಹೊಡೆದಿರುತ್ತಿತ್ತು. ಆಗ ಒಳಗೆ ಹೋಗುವ ಅಗತ್ಯ ಯಾರಿಗೂ ಅಷ್ಟಾಗಿ ಇರಲಿಲ್ಲ.

ರಾಜ ಹೋದ ಮೇಲೆ ಸೆಟ್ಟಿ ಯೋಚಿಸಿದ: ಕಾಲ ಕೆಟ್ಟಿದೆ, ಇನ್ನು ಮೇಲೆ ಇದ್ದವರಿಗೆ ಮಾತ್ರ ಸಾಲ ಕೊಡಬೇಕು. ಪಾರುಪತ್ಯಗಾರನೂ ಯೋಚಿಸಿದ: ಕಾಲ ಕೆಟ್ಟಿದೆ, ಇನ್ನು ಮೇಲೆ ಏನೂ ಇಲ್ಲದವರಿಗೆ ಮಾತ್ರ ಅನ್ನ ಹಾಕಬೇಕು. ನಿನ್ನ ಹಾಗೆ ಇಬ್ಬರೂ ಒಂದೊಂದು ಪರೀಕ್ಷೆ ಹುಡುಕಿದರು. ಅವರು ನಿನಗಿಂತ ಚುರುಕು, ಹುಡುಕಿದ್ದು ಸಿಕ್ಕಿಯೂ ಬಿಟ್ಟಿತು.

ಸೆಟ್ಟಿ ಬಂದವನ ರುಮಾಲು ನೋಡುತ್ತಿದ್ದ, ಶಾಲು ನೋಡುತ್ತಿದ್ದ. ಆಮೇಲೆ ಒಂದು ಲೋಟ ಮಜ್ಜಿಗೆ ತರಿಸುತ್ತಿದ್ದ. ಒಂದೇ ಉಸಿರಿಗೆ ಕುಡಿದವನು ಹಸಿದವನು, ಅವನಿಗೆ ಸಾಲವಿಲ್ಲ. ಅರ್ಧ ಕುಡಿದು ಲೋಟ ಕೆಳಗಿಟ್ಟವನು ಉಳ್ಳವನು, ಅವನನ್ನು ಕೂರಿಸಿ ಮಾತಾಡಿಸುತ್ತಿದ್ದ.

ಪಾರುಪತ್ಯಗಾರ ಬಂದವನ ಬಟ್ಟೆಯ ತೇಪೆ ನೋಡುತ್ತಿದ್ದ. ಆಮೇಲೆ ಅಂಗೈ ಹಿಡಿದು ಮೂಸುತ್ತಿದ್ದ. ತುಪ್ಪದ್ದೋ ಎಣ್ಣೆಯದೋ ವಾಸನೆ ಬಂದರೆ ಮನೆಯಲ್ಲಿ ಇನ್ನೂ ಒಗ್ಗರಣೆ ಬೀಳುತ್ತಿದೆ ಎಂದು ಅರ್ಥ, ಅವನಿಗೆ ಎಲೆ ಹಾಕುತ್ತಿರಲಿಲ್ಲ.

ಛತ್ರಕ್ಕೆ ಇನ್ನೊಂದು ತಾಪತ್ರಯವಿತ್ತು. ರಾಜ ಹೋದದ್ದು ಶನಿಕಾಟ ಎಂದು ಊರಿನವರು ನಂಬಿದ್ದರು. ಶನಿಗೆ ಎಳ್ಳು ದಾನ ಕೊಡಬೇಕಲ್ಲ? ಮನೆಮನೆಯವರೂ ಹಿಡಿಯೋ ಬೊಗಸೆಯೋ ಎಳ್ಳನ್ನು ಕಪ್ಪು ಬಟ್ಟೆಯಲ್ಲಿ ಕಟ್ಟಿ ತಂದು ಛತ್ರದ ಬಾಗಿಲಲ್ಲಿಟ್ಟು ಹಿಂದೆ ತಿರುಗಿ ನೋಡದೆ ಹೋಗುತ್ತಿದ್ದರು. ಎಳ್ಳನ್ನು ಬೇಯಿಸಿ ಬಡಿಸಲಾದೀತೇ? ಪಾರುಪತ್ಯಗಾರ ಅದನ್ನೆಲ್ಲ ಹಿಂದಿನ ಕೋಣೆಗೆ ಹಾಕಿಸಿ ಬೀಗ ಜಡಿದ. ತಾವು ಕೊಟ್ಟ ಹಿಡಿ ಎಲ್ಲರಿಗೂ ಗೊತ್ತಿತ್ತು, ಕೋಣೆ ತುಂಬಿದ್ದು ಯಾರಿಗೂ ಗೊತ್ತಿರಲಿಲ್ಲ.

ಗಾಣಿಗ ಮೊದಲ ದಿನ ತನ್ನ ಬಟ್ಟೆಯಲ್ಲೇ ಹೋದ. ಸೆಟ್ಟಿ, “ಒಂದೇ ಎತ್ತು ಇಟ್ಕೊಂಡವನಿಗೆ ಸಾಲ ಕೊಡೋದು ಹೇಗಪ್ಪಾ?” ಎಂದ. ಗಾಣಿಗ ಬೀದಿಯ ಆ ತುದಿಗೆ ಹೋದ. ಪಾರುಪತ್ಯಗಾರ ಅವನ ಅಂಗೈ ಮೂಸಿ, “ಕೈ ಘಮಘಮ ಅಂತಿದೆ. ಸಾಲದ್ದಕ್ಕೆ ಕೊಟ್ಟಿಗೇಲಿ ಎತ್ತು ಬೇರೆ. ಎತ್ತು ಕಟ್ಟಿದವನು ಬಡವ ಹೇಗಾಗ್ತಾನೆ?” ಎಂದ. ಹುಟ್ಟಿದಾಗಿನಿಂದ ಗಾಣ ಆಡಿಸಿದ ಕೈ, ಅದು ಇನ್ನೇನು ವಾಸನೆ ಬೀರಬೇಕು? ಇದ್ದದ್ದು ಒಂದೇ ಎತ್ತು. ಅದು ಒಬ್ಬನಿಗೆ ಕಡಿಮೆ ಕಂಡಿತು, ಇನ್ನೊಬ್ಬನಿಗೆ ಹೆಚ್ಚು ಕಂಡಿತು.

ಬೀದಿಯ ನಡುವೆ ಒಂದು ಹುಣಸೆ ಮರ, ಮರಕ್ಕೊಂದು ಕಟ್ಟೆ. ಅಲ್ಲಿ ಊರಿನ ಮಡಿವಾಳ ಬಟ್ಟೆ ಒಣಗಿಸಿ ಮಡಿಸುತ್ತಿದ್ದ. ಅವನಲ್ಲಿ ಹಿಂದಿನಿಂದ ಬಂದ ಒಂದು ಪದ್ಧತಿಯಿತ್ತು. ಒಗೆದ ಬಟ್ಟೆ ಯಜಮಾನನ ಮನೆ ಸೇರುವ ಮೊದಲು ಒಂದೆರಡು ದಿನ ಬಾಡಿಗೆಗೆ ಹೋಗುತ್ತಿತ್ತು. ಮದುವೆಗೆ, ನಾಮಕರಣಕ್ಕೆ, ಹೆಣ್ಣು ನೋಡುವುದಕ್ಕೆ. ಯಜಮಾನನಿಗೆ ಕರೆಯಿಲ್ಲದ ಮದುವೆಗೂ ಅವನ ಪಂಚೆ ಹೋಗಿ ಉಂಡು ಬರುತ್ತಿತ್ತು. ಎಲ್ಲರಿಗೂ ಇದು ಗೊತ್ತು. ಎಲ್ಲರೂ ಒಂದಲ್ಲ ಒಂದು ದಿನ ಬೇರೆಯವರ ಪಂಚೆ ಉಟ್ಟವರೇ ಆದ್ದರಿಂದ ಯಾರೂ ಬಾಯಿ ಬಿಡುತ್ತಿರಲಿಲ್ಲ.

“ಸಪ್ಪಗೆ ಯಾಕೆ ಕೂತಿದ್ದೀಯ? ಸೆಟ್ರ ಹತ್ರ ಹೋಗೋಕೆ ಶಾಲು ಕೊಡ್ತೀನಿ, ಛತ್ರಕ್ಕೆ ಹೋಗೋಕೆ ಹರಕಲು ಕಂಬಳಿ ಕೊಡ್ತೀನಿ. ಬಾಡಿಗೆ ಕೈಗೆ ಬಂದಾಗ ಕೊಡು. ಅಂಗೈಗೆ ಮಾತ್ರ ಸೀಗೆಪುಡಿ ಹಾಕಿ ಉಜ್ಜು” ಎಂದ ಮಡಿವಾಳ.

ಹಾಗೆ ಶುರುವಾಯಿತು ನೋಡು. ಬೆಳಿಗ್ಗೆ ಗಾಣಿಗ ಜರಿ ಶಾಲು ಹೊದ್ದು ಸೆಟ್ಟಿಯ ಅಂಗಡಿಗೆ. ಮಧ್ಯಾಹ್ನ ಮರದ ಮರೆಯಲ್ಲಿ ಶಾಲು ಬಿಚ್ಚಿ, ಕಂಬಳಿ ಹೊದ್ದು ಛತ್ರಕ್ಕೆ. ಛತ್ರದಲ್ಲಿ ಅನ್ನ ಸಿಗುತ್ತಿತ್ತು. ಸೆಟ್ಟಿ ಮಾತ್ರ ನಾಳೆ ಬಾ, ನಾಡಿದ್ದು ಬಾ ಎನ್ನುತ್ತಿದ್ದ. ಮಜ್ಜಿಗೆಯನ್ನು ಅರ್ಧಕ್ಕೆ ಬಿಡುವುದನ್ನು ಹೆಂಡತಿ ಮನೆಯಲ್ಲಿ ನೀರಿಟ್ಟು ಅಭ್ಯಾಸ ಮಾಡಿಸಿದಳು. ಬಿಟ್ಟು ಬಂದ ಆ ಅರ್ಧ ಲೋಟವನ್ನು ಗಾಣಿಗ ದಾರಿಯುದ್ದಕ್ಕೂ ನೆನೆಯುತ್ತಿದ್ದ. ಕೊಟ್ಟಿಗೆಯಲ್ಲಿ ಕೆಂದ ಸುಮ್ಮನೆ ನಿಂತು, ತನ್ನ ಯಜಮಾನ ಈ ತುದಿಯಿಂದ ಆ ತುದಿಗೆ ಸುತ್ತುವುದನ್ನು ನೋಡುತ್ತಿತ್ತು.

“ಗಾಣಕ್ಕೆ ಕಟ್ಟಿರೋದು ಯಾರನ್ನ? ಕೆಂದನ್ನೋ ನಿಮ್ಮನ್ನೋ?” ಎಂದಳು ಹೆಂಡತಿ.

ಗಾಣಿಗನನ್ನು ನೋಡಿ ಹೂವಾಡಿಗ ಬಂದ, ರುಮಾಲಿನವ ಬಂದ, ಊರೇ ಹುಣಸೆ ಮರದ ಕೆಳಗೆ ಸಾಲು ನಿಂತಿತು. ಜರಿ ಶಾಲುಗಳೇನೋ ಬೇಕಾದಷ್ಟಿದ್ದವು. ಹರಕು ಬಟ್ಟೆಗೇ ಬರ ಬಂತು. ಕೊನೆಗೆ ಹರಕಲು ಕಂಬಳಿಯ ಬಾಡಿಗೆ ಜರಿ ಶಾಲಿನ ಬಾಡಿಗೆಯನ್ನೂ ಮೀರಿಸಿತು. ಅರಮನೆಗೆ ಹೊಲಿಯುತ್ತಿದ್ದ ದರ್ಜಿಯನ್ನು ಮಡಿವಾಳ ಕೂಲಿಗೆ ಕರೆದು, ಒಳ್ಳೆಯ ಬಟ್ಟೆಯನ್ನು ನಾಜೂಕಾಗಿ ಹರಿಯುವ ಕೆಲಸ ಕೊಟ್ಟ. ಆ ಊರಿನಲ್ಲಿ ಆ ವರ್ಷ ಏಳಿಗೆ ಕಂಡ ಕಸುಬು ಅದೊಂದೇ.

ಅಮಾವಾಸ್ಯೆ ಬಂತು. ಇವತ್ತು ಸಾಲ ಸಿಗದಿದ್ದರೆ ಸಂಜೆಗೆ ಕೆಂದ ಹೊಳೆಯ ದಡ ಸೇರಬೇಕು. ಗಾಣಿಗ ಬೆಳಿಗ್ಗೆಯೇ ಕಟ್ಟೆಗೆ ಹೋದ. ಮಡಿವಾಳನಿಗೆ ಅವನ ಮೇಲೆ ಕನಿಕರ. ಗಂಟಿನಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಶಾಲನ್ನು ತೆಗೆದು ಹೊದಿಸಿದ. ಅದು ಯಾರ ಮನೆಯದೆಂದು ಅವನು ನೋಡಲಿಲ್ಲ.

ಸೆಟ್ಟಿ ಅಂದು ಸಾಲ ಕೊಡುವ ಮನಸ್ಸು ಮಾಡಿದ್ದ. ಗಾಣಿಗ ಅರ್ಧ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟ. ಸೆಟ್ಟಿ ತೃಪ್ತಿಯಿಂದ ತಲೆ ಎತ್ತಿದವನು ಶಾಲಿನ ಅಂಚು ನೋಡಿದ. ಅಲ್ಲಿ ಊದುಬತ್ತಿಯ ಕಿಡಿ ಬಿದ್ದು ಆದ ತೂತು, ಆ ತೂತಿಗೆ ತನ್ನ ಹೆಂಡತಿಯೇ ಹಸಿರು ದಾರದಲ್ಲಿ ಹಾಕಿದ ಹೊಲಿಗೆ.

“ಈ ಶಾಲು ಎಲ್ಲಿಯದು?” ಎಂದ ಸೆಟ್ಟಿ.

“ನಮ್ಮಜ್ಜಂದು, ಸ್ವಾಮಿ” ಎಂದ ಗಾಣಿಗ.

ಪಕ್ಕದ ಬೆಂಚಿನಲ್ಲಿ, ಸೆಟ್ಟಿಯ ಬಳಿ ಗಂಟು ಇಟ್ಟವರು ನಾಲ್ಕು ಜನ ಕೂತಿದ್ದರು. ಅವರಲ್ಲೊಬ್ಬ ಬಗ್ಗಿ ನೋಡಿ, “ಸೆಟ್ರೇ, ಇದು ನಿಮ್ಮ ಶಾಲಲ್ವೇ?” ಎಂದ. ಹೌದೆಂದರೆ ಅದು ಗಾಣಿಗನ ಮೈಮೇಲೆ ಹೇಗೆ ಬಂತು ಎನ್ನುತ್ತಾರೆ. ಅಲ್ಲವೆಂದರೆ ನಿಮ್ಮದನ್ನು ತೋರಿಸಿ ಎನ್ನುತ್ತಾರೆ. ಸೆಟ್ಟಿ ಬೆವರು ಒರೆಸಿಕೊಂಡ. ಗಾಣಿಗ ಕಾಲಿಗೆ ಬುದ್ಧಿ ಹೇಳಿದ.

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಒಂದೇ ಸುದ್ದಿ: ಸೆಟ್ಟಿ ತನ್ನ ಶಾಲನ್ನೇ ಗಾಣಿಗನಿಗೆ ಅಡವಿಟ್ಟಿದ್ದಾನಂತೆ. ಗಾಣಿಗನ ಹತ್ತಿರ ಶಾಲು ಅಡವಿಡುವ ಸೆಟ್ಟಿಯ ಬಳಿ ನಮ್ಮ ಗಂಟು ಇದ್ದೀತೇ? ಜನ ಓಡಿ ಬಂದರು. ನಾಳೆ ಬನ್ನಿ ಎಂದ ಸೆಟ್ಟಿ. ಆ ಮಾತನ್ನು ಅವನು ಊರಿಗೆಲ್ಲ ಹೇಳಿ ಹೇಳಿ ಸವೆಸಿದ್ದ, ಯಾರೂ ಕೇಳಲಿಲ್ಲ. ಪೆಟ್ಟಿಗೆಯಲ್ಲಿದ್ದದ್ದು ಮುಗಿಯಿತು. ಬಾಗಿಲಲ್ಲಿದ್ದ ಜನ ಮುಗಿಯಲಿಲ್ಲ.

ಸೆಟ್ಟಿಗೆ ಛತ್ರದ ಹುಂಡಿ ನೆನಪಾಯಿತು. ಆದರೆ ಛತ್ರದವರು ಏನೂ ಇಲ್ಲದವರಿಗೆ ಮಾತ್ರ ಕೊಡುವವರು. ಅವನು ಗುಮಾಸ್ತನನ್ನು ಬಾಗಿಲಲ್ಲಿ ಕೂರಿಸಿ, ಹಿತ್ತಿಲ ದಾರಿಯಲ್ಲಿ ಹುಣಸೆ ಮರದ ಕಡೆ ನಡೆದ.

ಅದೇ ಹೊತ್ತಿಗೆ ಛತ್ರದಲ್ಲಿ ಅಕ್ಕಿ ಮುಗಿದಿತ್ತು. ಹುಂಡಿ ಎಂದೋ ಬರಿದಾಗಿತ್ತು. ಪಾರುಪತ್ಯಗಾರನಿಗೆ ಬೆಳಿಗ್ಗೆಯಿಂದ ಅನ್ನವಿಲ್ಲ. ಸೆಟ್ಟಿಯಿಂದ ಸಾಲ ತರೋಣವೆಂದರೆ ಅವನು ಉಳ್ಳವರಿಗೆ ಮಾತ್ರ ಕೊಡುವವನು. ಇವನೂ ಅಡುಗೆಯವನನ್ನು ಬಾಗಿಲಲ್ಲಿ ನಿಲ್ಲಿಸಿ, ಹಿತ್ತಿಲ ದಾರಿಯಲ್ಲಿ ಹುಣಸೆ ಮರದ ಕಡೆ ನಡೆದ.

ಕಟ್ಟೆಯ ಹತ್ತಿರ ಇಬ್ಬರೂ ಎದುರಾದರು.

“ಒಗೆಯೋಕೆ ಬಟ್ಟೆ ಹಾಕೋಣ ಅಂತ ಬಂದೆ” ಎಂದ ಸೆಟ್ಟಿ.

“ನಾನೂ ಅದಕ್ಕೇ ಬಂದೆ” ಎಂದ ಪಾರುಪತ್ಯಗಾರ.

ಮಡಿವಾಳ ಏನೂ ಕೇಳಲಿಲ್ಲ. ಸೆಟ್ಟಿಯನ್ನು ಮರದ ಹಿಂದಕ್ಕೆ ಕಳಿಸಿ ಹರಕಲು ಕಂಬಳಿ ಕೊಟ್ಟ. ಪಾರುಪತ್ಯಗಾರನನ್ನು ಪಕ್ಕದ ಮನೆಯ ಗೋಡೆಯ ಹಿಂದಕ್ಕೆ ಕಳಿಸಿ, ಗಾಣಿಗ ಬೆಳಿಗ್ಗೆ ಹೆದರಿ ಎಸೆದು ಹೋಗಿದ್ದ ಅದೇ ಜರಿ ಶಾಲು ಕೊಟ್ಟ. ಉಟ್ಟಿದ್ದನ್ನು ಅವನ ಕೈಗೆ ಕೊಟ್ಟು, ಒಬ್ಬನನ್ನೊಬ್ಬ ನೋಡದೆ ಇಬ್ಬರೂ ಮುಖ ಮುಚ್ಚಿಕೊಂಡು ತಮ್ಮ ತಮ್ಮ ದಾರಿ ಹಿಡಿದರು.

ಪಾರುಪತ್ಯಗಾರ ರುಮಾಲನ್ನು ಹುಬ್ಬಿನ ತನಕ ಎಳೆದುಕೊಂಡು, ಬಾಗಿಲಲ್ಲಿ ಕೂಗುತ್ತಿದ್ದವರ ನಡುವೆ ನುಸುಳಿ ಸೆಟ್ಟಿಯ ಅಂಗಡಿ ಹೊಕ್ಕ. ಆ ಗದ್ದಲದಲ್ಲೂ ಗುಮಾಸ್ತ ಅಭ್ಯಾಸದಂತೆ ಮಜ್ಜಿಗೆ ತಂದಿಟ್ಟ. ಹಸಿದ ಹೊಟ್ಟೆ. ಒಂದೇ ಉಸಿರಿಗೆ ಕುಡಿದು ಲೋಟದ ತಳವನ್ನೂ ನೆಕ್ಕಿದ.

“ಹಸಿದವರಿಗೆ ಇಲ್ಲಿ ಸಾಲ ಇಲ್ಲ, ಯಜಮಾನ್ರೇ. ಬೀದಿ ಆ ತುದೀಲಿ ಧರ್ಮಛತ್ರ ಇದೆ, ಅಲ್ಲಿಗೆ ಹೋಗಿ” ಎಂದ ಗುಮಾಸ್ತ.

ಸೆಟ್ಟಿ ಕಂಬಳಿಯಲ್ಲಿ ಮುದುರಿಕೊಂಡು ಛತ್ರದ ಬಾಗಿಲಲ್ಲಿ ಕೈ ಚಾಚಿದ. ಅಡುಗೆಯವ ಅಂಗೈ ಮೂಸಿ ನೋಡಿದ. ತುಪ್ಪ. ಅದೂ ಹೋಳಿಗೆಯ ತುಪ್ಪ.

“ಉಂಡ ಕೈ ತಂದು ಇಲ್ಲಿ ಚಾಚ್ತೀಯಾ? ನಡಿ, ನಡಿ. ಬೀದಿ ಆ ತುದೀಲಿ ಸೆಟ್ರ ಅಂಗಡಿ ಇದೆ. ಇದ್ದವರಿಗೆ ಅಲ್ಲಿ ಸಾಲ ಕೊಡ್ತಾರೆ” ಎಂದ ಅಡುಗೆಯವ.

ಇಬ್ಬರೂ ಜೋಲುಮೋರೆ ಹಾಕಿಕೊಂಡು ಕಟ್ಟೆಗೆ ಹಿಂತಿರುಗಿದರು. ಮಡಿವಾಳ ಕಂಬಳಿಯನ್ನೂ ಶಾಲನ್ನೂ ಬಿಚ್ಚಿಸಿಕೊಂಡು, ಕಾದು ನಿಂತಿದ್ದ ಇನ್ನಿಬ್ಬರಿಗೆ ಕೊಟ್ಟುಬಿಟ್ಟ.

“ನಮ್ಮ ಬಟ್ಟೆ?” ಎಂದರು ಇಬ್ಬರೂ.

“ಬಾಡಿಗೆಗೆ ಹೋಗಿವೆ, ಸ್ವಾಮಿ. ಒಗೆಯೋಕೆ ಹಾಕಿದ್ದು ಅಂದ್ರಲ್ಲ? ಸೆಟ್ರ ಪಂಚೆ ಉಟ್ಟವನು ಸೆಟ್ರ ಅಂಗಡಿಗೇ ಹೋಗಿದ್ದಾನೆ. ಬರ್ತಾನೆ, ಕೂತಿರಿ” ಎಂದ ಮಡಿವಾಳ.

ಊರಿನ ಇಬ್ಬರು ದೊಡ್ಡ ಮನುಷ್ಯರು ಲಂಗೋಟಿಯಲ್ಲಿ ಹುಣಸೆ ಕಟ್ಟೆಯ ಮೇಲೆ ಕೂತರು.

ಹೊತ್ತು ಇಳಿಯಿತು. ಗಾಣಿಗ ಕೆಂದನನ್ನು ಹಿಡಿದುಕೊಂಡು ಅದೇ ದಾರಿಯಲ್ಲಿ ಹೊಳೆಯ ಕಡೆ ಹೊರಟಿದ್ದ. ಹಿಂದೆ ಹೆಂಡತಿ. ಹೇಳಿದ ಮಾತಿನಂತೆ ಅವಳು ಹಗ್ಗದ ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡಿದ್ದಳು. ಗಾಣಿಗನ ಕಣ್ಣು ತುಂಬಿದ್ದರಿಂದ ಅವನಿಗೆ ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಕೆಂದ ಮರದ ಹತ್ತಿರ ಬಂದು ಮುಂದಕ್ಕೆ ಹೋಗಲಿಲ್ಲ. ನಡುವೆ ಒಂದು ದಪ್ಪ ಕಂಬ ಕಂಡರೆ ಸುತ್ತಬೇಕು ಎಂಬುದೊಂದೇ ಅದು ಕಲಿತ ವಿದ್ಯೆ. ಹುಣಸೆ ಮರವನ್ನು ಸುತ್ತತೊಡಗಿತು. ಹಗ್ಗ ಹಿಡಿದ ಗಂಡನೂ ಹೆಂಡತಿಯೂ ಅದರ ಹಿಂದೆ ಸುತ್ತಿದರು. ಹಗ್ಗ ಬಂದಾಗಲೆಲ್ಲ ಲಂಗೋಟಿಯವರಿಬ್ಬರೂ ಕಾಲು ಎತ್ತಿ ದಾರಿ ಬಿಟ್ಟರು.

ಸೆಟ್ಟಿಗೆ ಸಾಕಾಯಿತು. “ಅಲ್ಲಪ್ಪಾ, ದಿನಾ ನಮ್ಮಂಗಡಿಗೆ ಬರ್ತಿದ್ದೆಯಲ್ಲ, ನಿನಗೆ ಬೇಕಾಗಿದ್ದಾದರೂ ಏನು?” ಎಂದ. ಅಷ್ಟು ದಿನದಲ್ಲಿ ಯಾರೂ ಗಾಣಿಗನನ್ನು ಈ ಮಾತು ಕೇಳಿರಲಿಲ್ಲ.

“ಎಳ್ಳು, ಸ್ವಾಮಿ” ಎಂದ ಗಾಣಿಗ.

“ದುಡ್ಡಲ್ವಾ?”

“ದುಡ್ಡು ಕೇಳಿದ್ದು ಎಳ್ಳು ಕೊಳ್ಳೋಕೆ ತಾನೇ?”

ಪಾರುಪತ್ಯಗಾರ ಲಂಗೋಟಿಯನ್ನೂ ಮರೆತು ಎದ್ದು ನಿಂತ. “ಅಯ್ಯೋ ಪುಣ್ಯಾತ್ಮ! ನಮ್ಮ ಛತ್ರದ ಕೋಣೆ ತುಂಬ ಎಳ್ಳೇ ಬಿದ್ದಿದೆ. ಇಲಿ ತಿಂದು ತಿಂದು ಬೆಕ್ಕಿನ ಗಾತ್ರ ಆಗಿವೆ. ಆದರೆ ಅದು ಶನಿದಾನದ್ದು, ನಿಮಗೆ ಆಗುತ್ತೋ ಇಲ್ಲವೋ” ಎಂದ.

ಗಾಣಿಗನ ಹೆಂಡತಿ, “ಶನಿ ನಮ್ಮ ಮನೇಲಿ ಆಗಲೇ ಬಂದು ಕೂತಿದ್ದಾನೆ, ಸ್ವಾಮಿ. ಅವನ ಎಳ್ಳೂ ಬರಲಿ” ಎಂದಳು.

ಆ ಸಂಜೆಯೇ ಮೂಟೆಗಳು ಗಾಣದ ಮನೆಗೆ ಹೋದವು. ಬಟ್ಟೆ ಇನ್ನೂ ಬಂದಿರಲಿಲ್ಲವಾದ್ದರಿಂದ ಸೆಟ್ಟಿ ಮತ್ತು ಪಾರುಪತ್ಯಗಾರ ಲಂಗೋಟಿಯಲ್ಲೇ ಮೂಟೆ ಹೊತ್ತರು. ಯಾರೂ ಅವರನ್ನು ಗುರುತಿಸಲಿಲ್ಲ. ಗಾಣಿಗನ ಹೆಂಡತಿ ಮುಂಗೈಯ ಹಗ್ಗ ಬಿಚ್ಚಿ, ಕೆಂದನ ಕಣ್ಣಿಗೆ ಬಟ್ಟೆ ಕಟ್ಟಿ, ಗಾಣಕ್ಕೆ ಹೂಡಿದಳು. ದಲ್ಲಾಳಿ ಹೊಳೆಯ ದಡದಲ್ಲಿ ಸೊಳ್ಳೆ ಹೊಡೆಯುತ್ತ ಕೂತು ಎದ್ದು ಹೋದ. ಎಣ್ಣೆ ಹೊಳೆ ದಾಟಿತು. ಬಂದದ್ದರಲ್ಲಿ ಛತ್ರಕ್ಕೆ ಅಕ್ಕಿ ಬಂತು. ಉಳಿದದ್ದನ್ನು ಗಾಣಿಗ ಸೆಟ್ಟಿಯ ಬಳಿ ಇಡಲು ಹೋದ. ಗಾಣಿಗನೇ ಗಂಟು ಇಡುತ್ತಿದ್ದಾನೆಂದರೆ ಸೆಟ್ಟಿಗೆ ಏನೂ ಆಗಿಲ್ಲ ಎಂದುಕೊಂಡು, ಬಾಗಿಲಲ್ಲಿ ಕೂಗುತ್ತಿದ್ದವರು ಮನೆಗೆ ಹೋದರು.

ಗುರುಗಳು ಕತೆ ನಿಲ್ಲಿಸಿ ಮೊರ ಕೇರಿದರು.

“ಆಮೇಲೆ ಅವರಿಬ್ಬರೂ ಪರೀಕ್ಷೆ ಬಿಟ್ಟರೇ?” ಎಂದ ಚೆನ್ನವೀರ.

“ಎಲ್ಲಿ ಬಿಟ್ಟರು! ಮಾರನೆಯ ದಿನ ಬಟ್ಟೆ ಬಂತು, ಉಟ್ಟುಕೊಂಡರು. ಜನ ಚೆದುರಿದ ಮೇಲೆ ಸೆಟ್ಟಿ ಮತ್ತೆ ಮಜ್ಜಿಗೆ ತರಿಸಿದ. ಪಾರುಪತ್ಯಗಾರ ಮೂಗು ಒರೆಸಿಕೊಂಡು ಬಾಗಿಲಲ್ಲಿ ನಿಂತ. ಆದ ಬದಲಾವಣೆ ಒಂದೇ. ಸೆಟ್ಟಿ ತನ್ನ ಬಟ್ಟೆಯನ್ನು ಮನೆಯಲ್ಲೇ ಒಗೆಸತೊಡಗಿದ.”

ಚೆನ್ನವೀರ ಹೊಟ್ಟೆ ಹಿಡಿದುಕೊಂಡು ನಕ್ಕ. ಸುಲಿದ ಕಾಳುಗಳು ಚೆಲ್ಲಿಹೋದವು. ಅವನ್ನು ಹೆಕ್ಕುತ್ತ, “ಎಂಥ ಪೆದ್ದರು, ಗುರುಗಳೇ! ಲಂಗೋಟಿಯಲ್ಲಿ ಬಂದ ಬುದ್ಧಿ ಶಾಲು ಹೊದ್ದ ಕೂಡಲೇ ಹೋಯಿತಲ್ಲ” ಎಂದ. ಮತ್ತೆ ಅವನಿಗೆ ತನ್ನ ಕೆಲಸ ನೆನಪಾಯಿತು. “ಅದು ಸರಿ. ಆದರೆ ಹೊರಗೆ ಕೂತಿದ್ದಾಳಲ್ಲ, ಆ ಹೆಂಗಸು. ಅವಳ ರೇಷ್ಮೆ ಅಂಚಿನ ಸೀರೆ ಅವಳದೋ, ಇನ್ನೊಬ್ಬರಿಂದ ತಂದದ್ದೋ? ಅದನ್ನು ತಿಳಿಯುವುದು ಹೇಗೆ?”

ಗುರುಗಳು ಮೊರವನ್ನು ಕೆಳಗಿಟ್ಟರು.

“ಚೆನ್ನವೀರ, ನೀನು ಮೊದಲ ದಿನ ಈ ಬಾಗಿಲಲ್ಲಿ ಬಂದು ನಿಂತಾಗ ನಿನ್ನ ಅಂಗಿಯ ತೋಳು ಬೆರಳು ದಾಟಿ ಇಳಿದಿತ್ತು, ಅದು ಯಾರ ಅಂಗಿ ಎಂದು ನಾನು ಕೇಳಿದೆನೇ?”

ಚೆನ್ನವೀರ ಎದ್ದು ಬಾಗಿಲ ಕಡೆ ನಡೆದ.